ಮೊದಲು ವಿಮಾನದ ಬಾಲದ ಆ ಗೊರ್ ಸದ್ದು ನಿಲ್ಲಿಸಿ

ವಿಮಾನ ನಿಲ್ದಾಣದ ಹೊಗೆ ತಗ್ಗಿಸಿ ಅಂದರೆ ಎಲ್ಲರೂ ಮೊದಲು ಸೋಲಾರ್ ಕಡೆ ಓಡುತ್ತಾರೆ. ಹಾಕಿ, ಬೇಡ ಅನ್ನಲ್ಲ. ಕೊಚ್ಚಿಯವರು 2015ರಲ್ಲೇ ಪೂರ್ತಿ ಸೋಲಾರ್‌ಗೆ ಬಂದರು. ಆದರೆ ಟರ್ಮಿನಲ್‌ನ ಕರೆಂಟಿಗಿಂತ ಹೊರಗಿನ ವಿಮಾನಗಳದ್ದು, ಜನರನ್ನು ಕರೆತರುವ ಕಾರುಗಳದ್ದೇ ಜಾಸ್ತಿ ಹೊಗೆ.

1. ಲೆಕ್ಕ ಹಾಕಿ. ನಿಮ್ಮ ಡೀಸೆಲ್, ಕೊಂಡ ಕರೆಂಟು, ಬೇರೆಯವರ ಹೊಗೆ, ಮೂರೂ ಬೇರೆ ಬೇರೆ.

2. ನಿಮ್ಮ ಬಸ್ಸು, ಲಗೇಜ್ ಎಳೆಯುವ ಗಾಡಿ ಎಲೆಕ್ಟ್ರಿಕ್ ಮಾಡಿ. ಇದು ಸುಲಭ.

3. ನಿಂತ ವಿಮಾನದ ಎಪಿಯು ಆರಿಸಿ. ಎಡವುವುದು ಇಲ್ಲೇ. ಎಪಿಯು ಅಂದರೆ ಬಾಲದಲ್ಲಿರುವ ಪುಟ್ಟ ಎಂಜಿನ್. ಗೇಟಿನಲ್ಲಿ ನಿಂತಾಗ ದೀಪ, ಏಸಿ ಎಲ್ಲ ಅದರಿಂದಲೇ ನಡೆಯುತ್ತದೆ. ಎ320ರಂಥ ವಿಮಾನದಲ್ಲಿ ಅದು ಗಂಟೆಗೆ ಸುಮಾರು 100 ಕೆಜಿ ಇಂಧನ ಕುಡಿಯುತ್ತದೆ. ಒಂದೊಂದು ಕೆಜಿ ಉರಿದರೂ 3 ಕೆಜಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್. ಅದರ ಬದಲು ಗೇಟಿನಿಂದಲೇ ಕೇಬಲ್‌ನಲ್ಲಿ ವಿಮಾನಕ್ಕೆ ಬೇಕಾದ 400 ಹರ್ಟ್ಸ್ ಕರೆಂಟು, ದಪ್ಪ ಹೋಸ್‌ನಲ್ಲಿ ತಣ್ಣನೆ ಗಾಳಿ ಕೊಡಬೇಕು.

ಎಷ್ಟೋ ಕಡೆ ಕರೆಂಟು ಕೊಟ್ಟು ಗಾಳಿ ಮರೆಯುತ್ತಾರೆ. ಏಪ್ರಿಲ್ ಮಧ್ಯಾಹ್ನ ಒಳಗೆ 180 ಜನ ಬೆವರುತ್ತಿದ್ದರೆ ಪೈಲಟ್ ಎಪಿಯು ಆರಿಸ್ತಾರಾ? ಒಂದು ಏರ್‌ಪೋರ್ಟ್‌ನಲ್ಲಿ ನೋಡಿದೆ, ಹಳದಿ ಹೋಸು ವಿಮಾನದ ಹೊಟ್ಟೆ ಕೆಳಗೆ ಹೆಬ್ಬಾವಿನ ಹಾಗೆ ಬಿದ್ದಿತ್ತು, ಎರಡು ಕಡೆ ಮಡಚಿಕೊಂಡು. ಗಾಳಿ ತಣ್ಣಗೆ ಮಾಡುವ ಮಷಿನ್ ಹತ್ತಿರ ಕೈ ಮರಗಟ್ಟುವಷ್ಟು ತಂಪು, ಆಚೆ ತುದಿಯಲ್ಲಿ ಯಾರೋ ಉಸಿರು ಬಿಟ್ಟ ಹಾಗೆ ಬೆಚ್ಚಗೆ. ಬಾಲ ಗೊರ್ ಅನ್ನುತ್ತಲೇ ಇತ್ತು.

ಹಾಗಾಗಿ ಹೋಸು ಬೇಕಾದಷ್ಟೇ ಉದ್ದ ಇರಲಿ, ಎಲ್ಲೂ ಮಡಚದಿರಲಿ, ಹರಿದಿದ್ದರೆ ಟೇಪು ಸುತ್ತಬೇಡಿ, ಬದಲಿಸಿ. ವಿಮಾನ ಬರುವ ಮೊದಲೇ ಮಷಿನ್ ಆನ್ ಮಾಡಿ. ಚಕ್ರ ಉರುಳದಂತೆ ಅಡ್ಡ ಇಡುವ ಚೋಕ್ ಇಟ್ಟ ತಕ್ಷಣ ಕೇಬಲ್ ಸಿಕ್ಕಿಸಿ. ಕಿಟಕಿ ಪರದೆ ಇಳಿಸಲು ಹೇಳಿ, ಸಣ್ಣ ವಿಷಯ ಅನ್ನಿಸುತ್ತೆ, ಆದರೆ ಒಳಗಿನ ಸೆಕೆ ತಗ್ಗುತ್ತದೆ. ಡೀಸೆಲ್ ಜನರೇಟರ್ ಗಾಡಿ ತಂದು ನಿಲ್ಲಿಸುವುದು ಅಡ್ಡದಾರಿ. ಎಪಿಯುಗಿಂತ ಕಡಿಮೆ ಕುಡಿಯುತ್ತೆ ನಿಜ, ಹೊಗೆ ಹೊಗೆಯೇ.

ಇನ್ನು ದುಡ್ಡು. ನಿಮಿಷಕ್ಕೆ ಇಷ್ಟು ಅಂತ ಬೇರೆ ಬಿಲ್ ಹಾಕಬೇಡಿ. ಪಾರ್ಕಿಂಗ್ ಶುಲ್ಕದಲ್ಲೇ ಸೇರಿಸಿ. ಹೇಗೂ ಕೊಟ್ಟಾಯ್ತಲ್ಲ ಅಂತ ಏರ್‌ಲೈನ್‌ನವರು ಬಳಸುತ್ತಾರೆ. ಆಮೇಲೆ ನಿಯಮ ತನ್ನಿ. ಜ್ಯೂರಿಕ್‌ನಲ್ಲಿ ಗೇಟಿನ ಕರೆಂಟು, ಗಾಳಿ ಇದ್ದರೆ ಎಪಿಯು ಓಡಿಸಲು ಬಿಡುವುದಿಲ್ಲ. ಹೊರಡುವ ಮುಂಚಿನ ಕೆಲವು ನಿಮಿಷಕ್ಕೆ ವಿನಾಯಿತಿ ಇದೆ, ಯಾಕಂದ್ರೆ ದೊಡ್ಡ ಎಂಜಿನ್ ಸ್ಟಾರ್ಟ್ ಮಾಡಲು ಎಪಿಯುವಿನ ಗಾಳಿ ಬೇಕು.

4. ರನ್‌ವೇ ಖಾಲಿ ಇಲ್ಲದೆ ವಿಮಾನವನ್ನು ಗೇಟಿನಿಂದ ಬಿಡಬೇಡಿ. ಸಾಲಿನಲ್ಲಿ ಎಂಜಿನ್ ಉರಿಸುತ್ತಾ ನಿಲ್ಲುವ ಬದಲು ಗೇಟಿನಲ್ಲೇ ಕಾಯಲಿ. ದೆಹಲಿಯಲ್ಲಿ 2019ರಿಂದ ಟ್ಯಾಕ್ಸಿಬಾಟ್ ಎಂಬ ಗಾಡಿಯನ್ನು ಬಳಸಿದ್ದಾರೆ, ಎಂಜಿನ್ ಆರಿಸಿದ ವಿಮಾನವನ್ನು ರನ್‌ವೇ ಹತ್ತಿರದವರೆಗೆ ಎಳೆಯುತ್ತದೆ.

5. ನಮ್ಮ ಹೊಗೆಗೆ ಬದಲಾಗಿ ಬೇರೆಯವರು ಗಿಡ ನೆಟ್ಟ ಸರ್ಟಿಫಿಕೇಟು ಕೊಳ್ಳುವುದು ಕೊನೆಗಿರಲಿ. ನನ್ನನ್ನು ಕೇಳಿದರೆ, ಆ ದುಡ್ಡನ್ನು ಹೋಸಿಗೆ ಹಾಕಿ.

6. ಜನ ಬರುವ ದಾರಿ ನೋಡಿ. ಬೆಂಗಳೂರಿನ ಏರ್‌ಪೋರ್ಟ್ ಪಕ್ಕ 2021ರಲ್ಲಿ ರೈಲು ಹಾಲ್ಟ್ ಬಂತು. ಸ್ಟೇಷನ್ ಕಟ್ಟಿದರೆ ಆಗಲಿಲ್ಲ, ಬೆಳಗಿನ ಜಾವ 5ರ ವಿಮಾನಕ್ಕೆ ಹೊಂದುವ ರೈಲೂ ಬೇಕು, ಅಲ್ವಾ?