ಮೂರು ಹಾಳೆಯ ಮನೆ ಕಾಗದ

70 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದದ ಎ4 ಹಾಳೆಯೊಂದು ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತದೆ. ಅಂತಹ ಮೂರು ಹಾಳೆಗಳನ್ನು ಮಡಿಸಿ ತೆಳುವಾದ ಲಕೋಟೆಯಲ್ಲಿಟ್ಟರೆ 20 ಗ್ರಾಂ ಒಳಗೇ ಉಳಿಯುವುದರಿಂದ 5 ರೂಪಾಯಿ ಸ್ಟಾಂಪಿನಲ್ಲಿ ಕಾಗದ ಊರು ಸೇರುತ್ತದೆ. ನಾಲ್ಕನೆಯ ಹಾಳೆ ಸೇರಿತೋ, ತೂಕ ಮೀರಿ ಹೆಚ್ಚಿನ ಸ್ಟಾಂಪು ಹಚ್ಚಬೇಕಾಗುತ್ತದೆ. ನಮ್ಮ ಬಂಧುಬಳಗಕ್ಕೆ ಮನೆಮನೆಯ ಸುದ್ದಿ, ಅಡುಗೆ, ಪ್ರವಾಸ ಬರೆದು ನಾನು ಕಳುಹಿಸುವ ಮನೆ ಕಾಗದಕ್ಕೆ ಆರು ಪುಟಗಳ ಮಿತಿ ಬಂದದ್ದು ಹೀಗೆ, ಅಡುಗೆಮನೆಯ ತಕ್ಕಡಿಯಿಂದ. ಯುಗಾದಿ, ಆಷಾಢ, ದಸರಾ ಮತ್ತು ಸಂಕ್ರಾಂತಿ, ಹೀಗೆ ವರ್ಷಕ್ಕೆ ನಾಲ್ಕು ಬಾರಿ ಹಾಸನದ ನಮ್ಮ ಮನೆಯಿಂದ ಅದು ಹೊರಡುತ್ತದೆ. 31 ಮನೆಗಳ ಪೈಕಿ 19 ಮನೆಗಳಿಗೆ ಅಂಚೆಯಲ್ಲಿ, ಉಳಿದವುಗಳಿಗೆ ಪಿಡಿಎಫ್ ರೂಪದಲ್ಲಿ ಮೊಬೈಲಿಗೆ.

ನಮ್ಮ ತಾಯಿಯ ತವರು ಹೇಮಾವತಿ ನದಿಯ ದಂಡೆಯಲ್ಲಿತ್ತು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿಯುವ ಹೊತ್ತಿಗೆ ಆ ಮನೆ, ಕಣ, ಗದ್ದೆಗಳೆಲ್ಲ ಹಿನ್ನೀರಿನ ಪಾಲಾಗಿ, ಒಂದೇ ಬೀದಿಯಲ್ಲಿದ್ದ ಐದು ಮನೆಗಳವರು ಐದು ದಿಕ್ಕಿಗೆ ಹೋದರು. ಅವರ ಮಕ್ಕಳು ಬೆಂಗಳೂರು, ದಾವಣಗೆರೆ, ಪುಣೆ ಎಂದು ಹರಡಿದರೆ ಮೊಮ್ಮಕ್ಕಳು ಸಮುದ್ರವನ್ನೇ ದಾಟಿದರು. ಎಲ್ಲರನ್ನೂ ಸೇರಿಸಿದ ಒಂದು ವಾಟ್ಸಾಪ್ ಗುಂಪು ನಮ್ಮಲ್ಲೂ ಇದೆ, ಈಗಲೂ ಇದೆ. ಆದರೆ ಆ ಗುಂಪಿನಲ್ಲಿ ತಾಯಿಯ ಅಣ್ಣ ತೀರಿಹೋದ ಸುದ್ದಿಯು ಶುಭೋದಯದ ಹೂವಿನ ಚಿತ್ರಗಳ ನಡುವೆ ಮುಚ್ಚಿಹೋಗಿ, ದಾವಣಗೆರೆಯ ಚಿಕ್ಕಮ್ಮನಿಗೆ ಹನ್ನೊಂದನೆಯ ದಿನದ ಕಾರ್ಯವೂ ಮುಗಿದ ಮೇಲೆ ತಿಳಿಯಿತು. ಒಡಹುಟ್ಟಿದವನ ಮುಖ ಕಾಣಲಾಗದ ಆ ಹೆಂಗಸು ಫೋನಿನಲ್ಲಿ ಅಳಲೂ ಇಲ್ಲ, "ನನಗೆ ಒಂದು ಕಾಗದ ಹಾಕೋರು ಯಾರೂ ಇರಲಿಲ್ಲವೇನೇ?" ಎಂದಷ್ಟೇ ಕೇಳಿದರು. ಕಾಗದ ಹಾಕಿದ್ದರೂ ಸಾವಿನ ಸುದ್ದಿ ಸಮಯಕ್ಕೆ ಮುಟ್ಟುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಆದರೂ ಆ ಮಾತಿನಿಂದಲೇ ಕೆಲಸ ಆರಂಭವಾಯಿತು, ಮತ್ತು ಸಾವಿನ ಸುದ್ದಿಯನ್ನು ಮಾತ್ರ ಈಗಲೂ ಮನೆಮನೆಗೆ ಫೋನು ಮಾಡಿಯೇ ತಿಳಿಸುತ್ತೇನೆ.

ನಾನು ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳು. ಹಾಗಾಗಿ ಮೊದಲು ಮಾಡಿದ್ದು ಒಂದು ಲೆಡ್ಜರು. ಪ್ರತಿ ಮನೆಗೆ ಎರಡು ಪುಟ. ಎಡಗಡೆ ವಿಳಾಸ, ಪಿನ್ ಕೋಡ್, ಮನೆಯಲ್ಲಿರುವವರ ಹೆಸರು, ಕನ್ನಡ ಓದಬಲ್ಲವರು ಯಾರು, ಕಣ್ಣು ಮಂಜಾದವರು ಯಾರು. ಬಲಗಡೆ ಯಾವ ತಾರೀಖು ಯಾರೊಡನೆ ಮಾತಾಡಿದೆ, ಏನು ಹೇಳಿದರು. ಭಾನುವಾರ ಮಧ್ಯಾಹ್ನ ಎರಡು ಮೂರು ಮನೆಗಳಿಗೆ ಫೋನು ಮಾಡುತ್ತೇನೆ. "ಏನು ಸಮಾಚಾರ?" ಎಂದು ಕೇಳಿದರೆ "ಎಲ್ಲಾ ಚೆನ್ನಾಗಿದ್ದೀವಿ" ಎಂಬ ಉತ್ತರವಲ್ಲದೆ ಬೇರೇನೂ ಸಿಗುವುದಿಲ್ಲ ಎಂಬುದನ್ನು ಮೊದಲ ಎರಡು ಸಂಚಿಕೆಗಳಲ್ಲೇ ಕಲಿತೆ. ಬದಲಿಗೆ, ಹಿಂದಿನ ಸಲ ಬಲಗಡೆಯ ಪುಟದಲ್ಲಿ ಬರೆದುಕೊಂಡದ್ದನ್ನು ನೋಡಿ, ಹಿತ್ತಲಿನ ಬಾವಿಗೆ ನೀರು ಬಂತೇ, ಸೊಸೆ ಸ್ಕೂಟರ್ ಕಲಿತಳೇ, ಆ ಬೆಕ್ಕು ಮರಿ ಹಾಕಿತೇ ಎಂದು ಕೇಳಿದರೆ ಅರ್ಧ ಗಂಟೆ ಮಾತು ಹರಿಯುತ್ತದೆ, ಅದರಲ್ಲಿ ನಾಲ್ಕು ಸಾಲು ಕಾಗದಕ್ಕೆ ದಕ್ಕುತ್ತದೆ.

ಬರೆಯಲು ಕುಳಿತಾಗ ಎದುರಾಗುವ ಮೊದಲ ತೊಡಕು ಸಂಬಂಧವಾಚಕಗಳದು. ನನಗೆ ಚಿಕ್ಕಪ್ಪನಾದವರು ಒಬ್ಬರಿಗೆ ಅಜ್ಜ, ಇನ್ನೊಬ್ಬರಿಗೆ ಭಾವ, ಮತ್ತೊಬ್ಬರಿಗೆ ಬೀಗರು. "ಚಿಕ್ಕಪ್ಪನಿಗೆ ಕಣ್ಣಿನ ಪೊರೆ ತೆಗೆಸಿದರು" ಎಂದು ಬರೆದರೆ 31 ಮನೆಗಳಲ್ಲಿ ಹತ್ತು ಮನೆಯವರು ತಮ್ಮ ತಮ್ಮ ಚಿಕ್ಕಪ್ಪನಿಗೆ ಫೋನು ಮಾಡುತ್ತಾರೆ. ಒಮ್ಮೆ ಹಾಗೆಯೇ ಆಯಿತು. ಆದ್ದರಿಂದ ಹಳೆಯ ಊರಿನಲ್ಲಿ ಐದು ಮನೆಗಳಿಗಿದ್ದ ಹೆಸರುಗಳನ್ನೇ ಮತ್ತೆ ಹಿಡಿದೆ: ದೊಡ್ಡಮನೆ, ಬಾವಿಮನೆ, ಕಣದಮನೆ, ಹೊಸಮನೆ, ಕೆಳಗಿನಮನೆ. "ಕಣದಮನೆಯ ಎರಡನೆಯ ಮಗ" ಎಂದರೆ ಎಪ್ಪತ್ತು ದಾಟಿದವರಿಗೆ ತಕ್ಷಣ ತಿಳಿಯುತ್ತದೆ. ಪುಣೆಯಲ್ಲೇ ಹುಟ್ಟಿದ ಹುಡುಗನೊಬ್ಬ ತಾನು ಕೆಳಗಿನಮನೆಯವನೆಂದು ಈಗ ಹೇಳಿಕೊಳ್ಳುತ್ತಾನೆ, ಆ ಮನೆ ನೀರಿನ ಅಡಿಯಲ್ಲಿದ್ದರೂ.

ಎರಡನೆಯ ತೊಡಕು ನನ್ನದೇ ತಪ್ಪಿನಿಂದ ಬಂದದ್ದು. ಹೊಸಮನೆಯ ಹುಡುಗಿಯೊಬ್ಬಳನ್ನು ನೋಡಿಕೊಂಡು ಹೋದವರು ಒಪ್ಪಿದ್ದಾರೆಂದು ಅವಳ ದೊಡ್ಡಪ್ಪ ಸಂತೋಷದಲ್ಲಿ ಹೇಳಿದ್ದನ್ನು, ಅವಳ ತಾಯಿಯನ್ನು ಕೇಳದೆ, ನಾನು "ಮದುವೆಯ ಮಾತುಕತೆ ಮುಗಿದಿದೆ" ಎಂದು ಬರೆದೆ. ಕಾಗದ ಊರೂರು ತಲುಪಿದ ವಾರದಲ್ಲೇ ಆ ಮಾತು ಮುರಿದುಬಿತ್ತು. ಆಮೇಲೆ ಆರು ತಿಂಗಳು, ಸಿಕ್ಕವರೆಲ್ಲ ಆ ಹುಡುಗಿಯನ್ನು ತಾರೀಖು ಯಾವಾಗ ಎಂದು ಕೇಳಿದರು. "ನಿನ್ನ ಕಾಗದ ಬೀಗರಿಗಿಂತ ಮುಂಚೆ ಓಡಿತಲ್ಲ" ಎಂದು ಅವಳ ತಾಯಿ ಅಂದದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಮದುವೆಯ ಸುದ್ದಿ ಲಗ್ನಪತ್ರಿಕೆ ಅಚ್ಚಾದ ಮೇಲೆ, ಬಸುರಿನ ಸುದ್ದಿ ಸೀಮಂತವಾದ ಮೇಲೆ, ಕಾಯಿಲೆಯ ಸುದ್ದಿ ಕಾಯಿಲೆಯಾದವರೇ "ಬರಿ" ಎಂದ ಮೇಲೆ. ಪ್ರತಿಯೊಂದು ಸುದ್ದಿಯನ್ನೂ ಅಚ್ಚಿಗೆ ಮುನ್ನ ಸಂಬಂಧಪಟ್ಟವರಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ. ಇದರಿಂದ ಕೆಲವು ಒಳ್ಳೆಯ ಸುದ್ದಿಗಳು ಮೂರು ತಿಂಗಳು ಹಳತಾಗುತ್ತವೆ, ಆಗಲಿ. ಆಸ್ತಿಯ ವ್ಯಾಜ್ಯ, ಪರೀಕ್ಷೆಯ ಅಂಕ, ಸಂಬಳ, ಈ ಮೂರನ್ನು ಬರೆಯುವುದೇ ಇಲ್ಲ.

ಕಾಗದದಲ್ಲಿ ಜನ ಮೊದಲು ತಿರುಗಿಸುವುದು ಐದನೆಯ ಪುಟವನ್ನು, ಅದು ಅಡುಗೆಯ ಪುಟ. ನನಗೆ ಅತಿ ಹೆಚ್ಚು ಶ್ರಮ ಕೊಡುವುದೂ ಅದೇ. ನಮ್ಮ ಹಿರಿಯರ ಅಡುಗೆಯೆಲ್ಲ ಕಣ್ಣಂದಾಜಿನದು. ಕೇಳಿದರೆ "ಸ್ವಲ್ಪ ಉಪ್ಪು, ಹದ ನೋಡ್ಕೊಂಡು ನೀರು" ಎನ್ನುತ್ತಾರೆ. ಆ ಹದವನ್ನು ಎಂದೂ ಕಾಣದವರಿಗೆ ಅದನ್ನು ಬರೆದು ತಿಳಿಸುವುದು ಹೇಗೆ? ಸಕಲೇಶಪುರದ ಕಡೆ ಇರುವ ದೊಡ್ಡಮ್ಮನ ಕಡುಬನ್ನು ಬರೆದುಕೊಳ್ಳಲು ಹೋದಾಗ ಇದಕ್ಕೊಂದು ದಾರಿ ಹೊಳೆಯಿತು. ಅವರನ್ನು ಏನೂ ಕೇಳದೆ, ಅಕ್ಕಿ ತರಿಯ ಡಬ್ಬಿಯಲ್ಲಿ ಒಂದು ಕೆ.ಜಿ. ತೂಗಿ ಇಟ್ಟೆ, ಕೊಡದ ಬದಲು ಎರಡು ಲೀಟರ್ ನೀರಿನ ಜಗ್ಗನ್ನು ಪಕ್ಕಕ್ಕಿಟ್ಟೆ, ಉಪ್ಪಿನ ಬಟ್ಟಲನ್ನೂ ತೂಗಿಟ್ಟೆ. "ಏನವ್ವ, ಬಂಗಾರ ತೂಗ್ತಿದ್ದೀಯ?" ಎಂದು ನಕ್ಕರು. ಅವರ ಕೈ ಅವರ ಲೆಕ್ಕದಲ್ಲೇ ಹೋಯಿತು. ಮುಗಿದ ಮೇಲೆ ಉಳಿದದ್ದನ್ನು ತೂಗಿ ಕಳೆದೆ. ತರಿ 540 ಗ್ರಾಂ, ನೀರು 1,600 ಮಿ.ಲೀ., ಉಪ್ಪು 9 ಗ್ರಾಂ, ಒಂದು ಚಮಚ ತುಪ್ಪ; ಆದದ್ದು 28 ಕಡುಬು. ಬಾಯಲ್ಲಿ ಅವರು ಹೇಳುತ್ತಿದ್ದದ್ದು "ಒಂದಕ್ಕೆ ಎರಡು" ಎಂಬ ಅಳತೆ. ಆದರೆ ಎರಡು ಲೋಟ ಹೊಯ್ದ ಮೇಲೆ ಪ್ರತಿ ಸಲವೂ ಒಂದು ಚೂರು ನೀರನ್ನು ಯೋಚಿಸದೆಯೇ ಸೇರಿಸುತ್ತಿದ್ದರು. ಆ ಚೂರು ಇಲ್ಲದಿದ್ದರೆ ಕಡುಬು ಗಟ್ಟಿಯಾಗುತ್ತದೆ, ಮತ್ತು ಅದು ಅವರ ಯಾವ ಮಾತಿನಲ್ಲೂ ಇರಲಿಲ್ಲ.

ಕೈ ಮಾಡುವುದನ್ನು ನೋಡಿ ಬರೆದುಕೊಂಡದ್ದು ಹೀಗಿದೆ. ಕುದಿಯುವ ಉಪ್ಪುನೀರಿಗೆ ತುಪ್ಪ ಹಾಕಿ, ತರಿಯನ್ನು ಒಂದು ಕೈಯಿಂದ ಉದುರಿಸುತ್ತ ಇನ್ನೊಂದು ಕೈಯಿಂದ ತಿರುವಬೇಕು. ನೀರು ಹೀರಿದ ಮೇಲೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಬೇಕು. ಬಿಸಿ ಆರುವ ಮೊದಲೇ ಕೈಗೆ ತಣ್ಣೀರು ಹಚ್ಚಿಕೊಂಡು ತಟ್ಟೆಯಲ್ಲಿ ಮಿದ್ದು, ನಿಂಬೆಹಣ್ಣಿಗಿಂತ ಕೊಂಚ ದೊಡ್ಡ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ನಡುವೆ ಒತ್ತಬೇಕು. ಆ ಗುಳಿ ಅಂದಕ್ಕೆಂದು ನಾನು ನಲವತ್ತು ವರ್ಷ ತಿಳಿದಿದ್ದೆ. "ಒತ್ತದಿದ್ರೆ ಒಳಗೆ ಬೇಯೋದು ಎಲ್ಲಿ?" ಎಂದು ದೊಡ್ಡಮ್ಮ ಕೇಳಿದರು. ನಂತರ ಇಪ್ಪತ್ತು ನಿಮಿಷ ಹಬೆ.

ಇಷ್ಟು ಎಚ್ಚರದಿಂದ ಬರೆದ ಮೇಲೂ ಅಮೆರಿಕದಲ್ಲಿರುವ ಸೋದರಸೊಸೆ ಫೋನು ಮಾಡಿದಳು: "ಅತ್ತೆ, ಉಂಡೆ ಕಟ್ಟೋಕೇ ಬರ್ತಿಲ್ಲ, ಪುಡಿಪುಡಿ ಆಗ್ತಿದೆ." ತರಿ ಯಾವುದೆಂದು ಕೇಳಿದರೆ ಅಂಗಡಿಯ ಇಡ್ಲಿ ರವೆ. ಇಡ್ಲಿ ರವೆಯನ್ನು ಸಾಮಾನ್ಯವಾಗಿ ಕುಸುಬಲಕ್ಕಿಯಿಂದ ಮಾಡುತ್ತಾರೆ. ಒಮ್ಮೆ ಬೆಂದು ಒಣಗಿದ ಆ ಅಕ್ಕಿಗೆ, ಹಾಗೆ ಬೇಯಿಸದ ಬೆಳ್ತಿಗೆ ಅಕ್ಕಿಯ ಅಂಟು ಇರುವುದಿಲ್ಲ. ದೊಡ್ಡಮ್ಮನಿಗೆ ತರಿ ಎಂದರೆ ಬೆಳ್ತಿಗೆ ಅಕ್ಕಿ ತೊಳೆದು, ಬಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ, ಗಿರಣಿಯಲ್ಲಿ ಒಡೆಸಿ, ಹಿಟ್ಟನ್ನು ಜರಡಿ ಹಿಡಿದು ತೆಗೆದದ್ದು. ಇದನ್ನು ಯಾರಿಗಾದರೂ ಹೇಳಬೇಕಾಗುತ್ತದೆಂದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಈಗ ಪ್ರತಿ ಅಡುಗೆಯ ಕೆಳಗೆ "ಇಲ್ಲಿ ಎಡವುವಿರಿ" ಎಂಬ ಎರಡು ಸಾಲು ಸೇರಿಸುತ್ತೇನೆ, ಮತ್ತು ಅಚ್ಚಿಗೆ ಮುನ್ನ ಮಲೆನಾಡಿನ ಅಡುಗೆಯೇ ಗೊತ್ತಿಲ್ಲದ ನಮ್ಮ ಪುಣೆಯ ಸೊಸೆಯಿಂದ ಒಮ್ಮೆ ಮಾಡಿಸಿ ನೋಡುತ್ತೇನೆ. ಅವಳು ಕೇಳುವ ಪ್ರಶ್ನೆಗಳೇ ಆ ಎರಡು ಸಾಲುಗಳಾಗುತ್ತವೆ. ಪತ್ರೊಡೆಯನ್ನು ಬರೆದಾಗ ಹುಣಸೆಹಣ್ಣನ್ನು ರುಚಿಗೆಂದು ತಿಳಿದು ಕಡಿಮೆ ಹಾಕಬಾರದು, ಕೆಸುವಿನ ಎಲೆಯ ತುರಿಕೆ ಹೋಗುವುದು ಅದರ ಹುಳಿಯಿಂದ ಮತ್ತು ಚೆನ್ನಾಗಿ ಬೇಯಿಸುವುದರಿಂದ ಎಂಬ ಸಾಲು ಬಂದದ್ದೂ ಅವಳು ಗಂಟಲು ಕೆರೆದುಕೊಂಡದ್ದರಿಂದಲೇ. ಪಾಪ, ಅವಳು ಆ ಕೆಲಸವನ್ನು ಬಿಟ್ಟಿಲ್ಲ.

ಪ್ರವಾಸದ ಬರಹಕ್ಕೆ ಒಂದು ಪುಟಕ್ಕಿಂತ ಹೆಚ್ಚು ಕೊಡುವುದಿಲ್ಲ, ಏಕೆಂದರೆ ದೇವಸ್ಥಾನದ ಇತಿಹಾಸ ಬರೆದು ಕಳುಹಿಸುವವರು ಬಹಳ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ್ದು ಎಲ್ಲರೂ ಶಾಲೆಯಲ್ಲಿ ಓದಿದ್ದೇ. ಅಲ್ಲಿ ಅಜ್ಜಿಗೆ ಮೆಟ್ಟಿಲು ಹತ್ತಲು ಕಷ್ಟವಾಯಿತೇ, ಊಟ ಎಲ್ಲಿ ಮಾಡಿದಿರಿ, ನಮ್ಮವರು ಯಾರಾದರೂ ಸಿಕ್ಕರೇ, ಇದನ್ನು ಬರೆಯಿರಿ ಎಂದು ಕೇಳುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯದತ್ತ ಘಾಟಿಯಲ್ಲಿ ರೈಲಿನಲ್ಲಿ ಇಳಿದ ಬಾವಿಮನೆಯ ಮಕ್ಕಳು ಸುರಂಗಗಳನ್ನು ಎಣಿಸುತ್ತ ಹೋಗಿ, ಅಣ್ಣನಿಗೆ 57, ತಂಗಿಗೆ 55 ಬಂದು ಜಗಳವಾಡಿದ್ದನ್ನು ಹಾಗೆಯೇ ಹಾಕಿದೆ. 57 ಸರಿ. ತಂಗಿ ನಡುವೆ ನಿದ್ದೆ ಮಾಡಿದ್ದಳು.

ನಾನು ಬರೆದ ಪ್ರವಾಸಗಳಲ್ಲಿ ಹೆಚ್ಚು ಫೋನು ಬಂದದ್ದು ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಶೆಟ್ಟಿಹಳ್ಳಿಗೆ ಹೋಗಿಬಂದದ್ದಕ್ಕೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಅಲ್ಲಿನ ಇಗರ್ಜಿ (ಚರ್ಚು) ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಪೂರ್ತಿ ಮೇಲೇಳುತ್ತದೆ. ಪ್ರವಾಸಿಗಳು ಬರುವುದು ಅದನ್ನು ನೋಡಲು. ಏಪ್ರಿಲ್ ಕೊನೆಯಲ್ಲಿ ನೀರು ಇಳಿದಿದ್ದಾಗ ನಾವು ತಾಯಿಯನ್ನು ಕರೆದುಕೊಂಡು ಹೋಗಿ, ಅಲ್ಲಿಂದ ಮುಂದೆ ದಂಡೆಗುಂಟ ಅವರ ಊರಿದ್ದ ಕಡೆಗೆ ನಡೆದೆವು. ಬಿರಿದ ಕೆಸರು, ಅಲ್ಲಲ್ಲಿ ಕಪ್ಪೆಚಿಪ್ಪು, ಒಂದು ಕಡೆ ಸಾಲಾಗಿ ಕೂತ ಕಲ್ಲುಗಳು. ತಾಯಿ ಕೋಲಿನಿಂದ ನೆಲ ಕುಟ್ಟುತ್ತ ಹೋಗಿ ಒಂದು ಕಡೆ ನಿಂತು, "ಇದು ಬಾವಿಮನೆಯ ಜಗಲಿ, ಇಲ್ಲಿ ನಿಂತ್ರೆ ನಮ್ಮ ಹಟ್ಟಿ ಬಾಗಿಲು ಕಾಣೋದು" ಎಂದರು. ಅದನ್ನಷ್ಟೇ ಬರೆದು, ಕಲ್ಲುಗಳ ಒಂದು ಚಿತ್ರ ಹಾಕಿದೆ. ವಾರದೊಳಗೆ ಬಾವಿಮನೆಯ ಹಿರಿಯರು ಫೋನು ಮಾಡಿ, ಅದು ತಮ್ಮ ಜಗಲಿಯಲ್ಲ, ಕಣದಮನೆಯ ಕೊಟ್ಟಿಗೆಯ ತಳಪಾಯ ಎಂದು ವಾದಿಸಿದರು. ಮುಂದಿನ ಸಂಚಿಕೆಯಲ್ಲಿ ಅವರು ನೆನಪಿನಿಂದ ಬರೆದುಕೊಟ್ಟ ಊರಿನ ನಕ್ಷೆಯನ್ನು ಅಚ್ಚು ಮಾಡಿದೆ. ತಾಯಿ ಇನ್ನೂ ಒಪ್ಪಿಲ್ಲ.

ಯಂತ್ರದ ಕೆಲಸವನ್ನು ಬೇಗ ಹೇಳಿ ಮುಗಿಸಬಹುದು. ಆರಂಭದಲ್ಲಿ ಸಂಘದ ಕಚೇರಿಯ ರೂಢಿಯಂತೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ (ಫಾಂಟಿನಲ್ಲಿ) ಟೈಪು ಮಾಡಿ ಕಡತವನ್ನೇ ಕಳುಹಿಸಿದೆ. ಆ ಫಾಂಟು ಇಲ್ಲದವರ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಂಡಿತು. ಈಗ ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ ಯೂನಿಕೋಡಿನಲ್ಲೇ ಬರೆದು ಪಿಡಿಎಫ್ ಮಾಡುತ್ತೇನೆ. ಅಕ್ಷರ 14 ಪಾಯಿಂಟಿಗಿಂತ ಚಿಕ್ಕದಿಲ್ಲ. ಕಪ್ಪುಬಿಳುಪು ಜೆರಾಕ್ಸಿನಲ್ಲಿ ಗುಂಪಿನ ಚಿತ್ರಗಳೆಲ್ಲ ಮಸಿಯ ಮುದ್ದೆಯಾಗುವುದರಿಂದ ಒಂದು ಮುಖ, ಒಂದು ಕೈ, ಒಂದು ಕಲ್ಲು ಇರುವ ಚಿತ್ರವನ್ನೇ ಆರಿಸುತ್ತೇನೆ. ಕನ್ನಡ ಮಾತಾಡಬಲ್ಲ ಆದರೆ ಓದಲಾರದ ಮೊಮ್ಮಕ್ಕಳಿಗೆಂದು ಇಡೀ ಕಾಗದವನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸುತ್ತೇನೆ. ಅದನ್ನು ಹೆಚ್ಚು ಕೇಳುವವರು ಮಕ್ಕಳಲ್ಲ, ಕಣ್ಣು ಮಂಜಾದ ಹಿರಿಯರು ಎಂಬುದು ಆಮೇಲೆ ತಿಳಿಯಿತು.

ಆಷಾಢದ ಸಂಚಿಕೆಯಲ್ಲಿ ಮಾತ್ರ ಎರಡೇ ಹಾಳೆ ಇರುತ್ತದೆ. ಒಂದು ಹಾಳೆಯ ತೂಕ ಉಳಿಸಿ, ನನ್ನ ವಿಳಾಸ ಬರೆದ 50 ಪೈಸೆಯ ಪೋಸ್ಟ್‌ಕಾರ್ಡನ್ನು ಒಳಗಿಡುತ್ತೇನೆ. ಕಳೆದ ಸಲ 19ರಲ್ಲಿ 11 ಮರಳಿ ಬಂದವು. ಅವುಗಳಲ್ಲಿ ನಾಲ್ಕು ಹಿದುಕಿದ ಅವರೆಬೇಳೆಯ ಸಾರಿಗೆ ಸಂಬಂಧಪಟ್ಟವು. ನಾನು ಬರೆದಂತೆ ಹಸಿ ತೆಂಗಿನಕಾಯಿ ರುಬ್ಬುವುದು ತಪ್ಪು, ಕೊಬ್ಬರಿಯನ್ನೇ ಹಾಕಬೇಕು ಎಂದು ಎರಡು ಮನೆ, ಕಾಯಿಯೇ ಸರಿ ಎಂದು ಒಂದು ಮನೆ. ನಾಲ್ಕನೆಯದು ದಾವಣಗೆರೆಯ ಚಿಕ್ಕಮ್ಮನದು: "ಎರಡೂ ಹಾಕಬಾರದು. ಅಮ್ಮ ಹುರಿಗಡಲೆ ರುಬ್ಬುತ್ತಿದ್ದಳು. ಸಂಕ್ರಾಂತಿಗೆ ಬಾ, ಮಾಡಿ ತೋರಿಸುತ್ತೇನೆ. ತಕ್ಕಡಿ ತರಬೇಡ." ತಕ್ಕಡಿಯನ್ನು ಚೀಲದ ಅಡಿಯಲ್ಲಿಟ್ಟುಕೊಂಡು ಹೋಗುವುದೆಂದು ತೀರ್ಮಾನಿಸಿದ್ದೇನೆ.