ಮಾಟಗಾತಿ ಎನಿಸಿಕೊಂಡವಳ ಕಡತ ಓದುವುದು ಹೇಗೆ?

ಮಾಟ ಮಾಡಿದರೆ ಮರಣದಂಡನೆ ಎಂಬ ಕಾನೂನು ಸ್ಕಾಟ್ಲೆಂಡಿನಲ್ಲಿ 1563ರಿಂದ 1736ರವರೆಗೆ ಇತ್ತು. ಆರೋಪ ಹೊತ್ತ 3,837 ಜನರ ವಿವರವನ್ನು ಎಡಿನ್‌ಬರೋ ವಿಶ್ವವಿದ್ಯಾಲಯ ಒಂದೆಡೆ ಸೇರಿಸಿ ಆನ್‌ಲೈನಿನಲ್ಲಿ ಇಟ್ಟಿದೆ. ಹತ್ತರಲ್ಲಿ ಎಂಟಕ್ಕೂ ಜಾಸ್ತಿ ಹೆಂಗಸರು. ಎಲ್ಲವನ್ನೂ ನೋಡಲು ಹೋಗಬೇಡಿ, ಒಬ್ಬಳನ್ನು ಆರಿಸಿಕೊಳ್ಳಿ.

ಹೆಸರು ಹುಡುಕುವಾಗ ಜೋಪಾನ. ಮದುವೆಯಾದ ಮೇಲೂ ಅಲ್ಲಿನ ಹೆಂಗಸರಿಗೆ ತವರಿನ ಹೆಸರೇ ಇರುತ್ತಿತ್ತು, ಗಂಡನ ಹೆಸರು ಹಾಕಿದರೆ ಸಿಗುವುದಿಲ್ಲ. 1600ಕ್ಕಿಂತ ಮುಂಚೆ ಅವರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ 1591ರ ಜನವರಿಯಲ್ಲಿ ಮರಣದಂಡನೆಗೆ ಗುರಿಯಾದ ಸೂಲಗಿತ್ತಿ ಆಗ್ನೆಸ್ ಸ್ಯಾಂಪ್ಸನ್‌ಳ ವಿಚಾರಣೆಗೆ ಹಳೇ ಕಡತದಲ್ಲಿ 1590 ಎಂದಿರುತ್ತದೆ.

ಕಣ್ಣು ಸೀದಾ ತಪ್ಪೊಪ್ಪಿಗೆಗೇ ಹೋಗುತ್ತದೆ, ಅಲ್ವಾ? ತಡೆಯಿರಿ. ಮೊದಲು ನೆರೆಹೊರೆಯವರ ಹೇಳಿಕೆ ಓದಿ. ಹಸು ಹಾಲು ಕೊಡುವುದು ನಿಲ್ಲಿಸಿತು, ಮಗು ಕಾಯಿಲೆ ಬಿತ್ತು, ಅದಕ್ಕೂ ಮುಂಚೆ ಅವಳ ಜೊತೆ ಜಗಳ ಆಗಿತ್ತು ಎಂದು ಇರುತ್ತದಲ್ಲ, ಆ ಜಗಳ ಯಾತಕ್ಕೆ, ಎಷ್ಟು ವರ್ಷ ಹಿಂದಿನದು ಅಂತ ಬರೆದಿಟ್ಟುಕೊಳ್ಳಿ. ಅವಳ ನಿಜವಾದ ಬದುಕು ಕಾಣುವುದು ಅಲ್ಲೇ.

ತಪ್ಪೊಪ್ಪಿಗೆ ಅವಳ ಮಾತು ಎಂದು ಸುಮ್ನೆ ನಂಬಬೇಡಿ. ಎಷ್ಟೋ ಸಲ ಪಾಳಿ ಹಾಕಿಕೊಂಡು ಕಾವಲು ಕೂತು, ರಾತ್ರಿಗಟ್ಟಲೆ ನಿದ್ದೆ ಮಾಡಲು ಬಿಡದೆ ಹೇಳಿಸಿದ ಮಾತುಗಳು ಅವು. ಸೈತಾನನ ಜೊತೆ ಒಪ್ಪಂದದ ಕಥೆ ಊರೂರಲ್ಲೂ ಒಂದೇ ಥರ ಇರುತ್ತದೆ, ಅದು ಬಂದದ್ದು ವಿಚಾರಣೆ ಮಾಡಿದವರ ಪ್ರಶ್ನೆಗಳಿಂದಲೇ. ಬೇರೆ ಥರದ ಸಾಲು ಸಿಕ್ಕರೆ ಮಾತ್ರ ಅಲ್ಲಿ ನಿಲ್ಲಿ. 1704ರಲ್ಲಿ ಟೋರಿಬರ್ನ್ ಊರಿನ ಲಿಲಿಯಸ್ ಏಡಿಯನ್ನು ಸೈತಾನನ ಕೂಟದಲ್ಲಿ ಜೊತೆಗಿದ್ದವರು ಯಾರು ಎಂದು ಕೇಳಿದಾಗ, ಅವರು ದೊಡ್ಡ ಮನೆತನದ ಹೆಂಗಸರ ಹಾಗೆ ಮುಖವಾಡ ಹಾಕಿದ್ದರು ಎಂದಳು. ಬೇರೆಯವರನ್ನು ಉಳಿಸಲು ಹೇಳಿದ ಮಾತು ಇದು ಎಂದೇ ನನಗನ್ನಿಸುತ್ತದೆ. ಅವಳು ಸೆರೆಯಲ್ಲೇ ಸತ್ತಳು. ಸಮುದ್ರದಂಚಿನ ಕೆಸರಲ್ಲಿ ಹೂತು, ಮೇಲೆ ದೊಡ್ಡ ಚಪ್ಪಡಿ ಹಾಕಿದರು.

ತುಂಬಾ ಕಡತಗಳಲ್ಲಿ ಕೊನೆಗೆ ಏನಾಯಿತು ಎಂದೇ ಇಲ್ಲ. ಸುಟ್ಟಿರುತ್ತಾರೆ ಎಂದು ನೀವೇ ತುಂಬಿಸಬೇಡಿ. ಚರ್ಚಿನ, ಪಟ್ಟಣದ ಲೆಕ್ಕದ ಪುಸ್ತಕ ಸಿಕ್ಕರೆ ಖರ್ಚಿನ ಪುಟ ನೋಡಿ. 1633ರಲ್ಲಿ ಕರ್ಕಾಲ್ಡಿಯಲ್ಲಿ ಆಲಿಸನ್ ಡಿಕ್ ಮತ್ತವಳ ಗಂಡನನ್ನು ಸುಟ್ಟ ಲೆಕ್ಕ ಹಾಗೇ ಉಳಿದಿದೆ: ಹತ್ತು ಹೊರೆ ಕಲ್ಲಿದ್ದಲು, ಟಾರಿನ ಪೀಪಾಯಿ, ಹಗ್ಗ, ಇಬ್ಬರಿಗೂ ಒರಟು ಬಟ್ಟೆ.