ಡಿಶ್‌ವಾಷರಿನಲ್ಲಿ ನೀರು ನಿಂತರೆ ಹುಡುಕಾಟ ಎಲ್ಲಿಂದ ಆರಂಭವಾಗಬೇಕು

ಪಾತ್ರೆ ತೊಳೆದು ಮುಗಿದ ಮೇಲೆ ಬಾಗಿಲು ತೆಗೆದಾಗ ಡಿಶ್‌ವಾಷರಿನ ತಳದಲ್ಲಿ ಎರಡು ಬೆರಳಿನಷ್ಟು ಮಂಕು ನೀರು ನಿಂತಿದ್ದರೆ ಎಲ್ಲರೂ ಮೊದಲು ಸಂಶಯಪಡುವುದು ಪಂಪನ್ನು. ಪಂಪು ಕೆಡುವುದು ಉಂಟು. ಆದರೆ ಅದು ಕೊನೆಯಲ್ಲಿ ನೋಡಬೇಕಾದ ಭಾಗ. ಕೊಡಗಿನಲ್ಲಿ, ಅದರಲ್ಲೂ ತೋಟದ ನಡುವಿನ ಮನೆಗಳಲ್ಲಿ ಮತ್ತು ಹೋಮ್‌ಸ್ಟೇಗಳಲ್ಲಿ, ಅಡುಗೆಮನೆಯ ಕೊಳೆನೀರು ಹಿತ್ತಲಿನ ಇಂಗುಗುಂಡಿಗೆ ಇಳಿಯುವುದೇ ಹೆಚ್ಚಾದ್ದರಿಂದ, ನೀರು ಯಂತ್ರದಿಂದ ಹೊರಡಲೇ ಇಲ್ಲವೋ ಅಥವಾ ಹೊರಟದ್ದು ಹೋಗಲು ದಾರಿ ಸಿಗದೆ ಹಿಂದಿರುಗಿತೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಅದಕ್ಕೂ ಮುನ್ನ, ಇದು ನಿಜವಾಗಿ ದೋಷವೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಫಿಲ್ಟರಿನ ಕೆಳಗಿನ ಗುಳಿಯಲ್ಲಿ ಸ್ವಲ್ಪ ನೀರು ಯಾವಾಗಲೂ ಉಳಿಯುತ್ತದೆ, ಅದು ಇರಬೇಕಾದದ್ದೇ. ಫಿಲ್ಟರನ್ನು ದಾಟಿ ತಳದ ಸ್ಟೀಲಿನ ಮೇಲೆ ನೀರು ಹರಡಿಕೊಂಡಿದ್ದರೆ ಮಾತ್ರ ಚಿಂತಿಸಬೇಕು. ಇನ್ನೊಂದು, ಮಳೆಗಾಲದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ತೊಳೆಯುವ ನಡುವೆಯೇ ಕರೆಂಟ್ ಹೋಗಿದ್ದರೆ ನೀರು ಇದ್ದಲ್ಲೇ ನಿಂತಿರುತ್ತದೆ. ಅಂಥ ಸಂದರ್ಭದಲ್ಲಿ ಕರೆಂಟ್ ಬಂದ ಮೇಲೆ ಬಾಗಿಲು ಮುಚ್ಚಿ ಸ್ಟಾರ್ಟ್ ಗುಂಡಿಯನ್ನು ಮೂರ್ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಹಲವು ಯಂತ್ರಗಳು ಕಾರ್ಯಕ್ರಮವನ್ನು ರದ್ದುಮಾಡಿ ನೀರನ್ನು ಹೊರಹಾಕುತ್ತವೆ.

ಹಾಗೂ ನೀರು ಹೋಗದಿದ್ದರೆ ಯಂತ್ರದ ಪ್ಲಗ್ ಕಿತ್ತು, ನಲ್ಲಿಯನ್ನು ನಿಲ್ಲಿಸಿ, ಕೆಳಗಿನ ಬುಟ್ಟಿಯನ್ನು ಹೊರಗೆಳೆದು, ಲೋಟ ಮತ್ತು ಸ್ಪಂಜಿನಿಂದ ನೀರನ್ನು ಬಳಿದು ತೆಗೆಯಬೇಕು. ಬಳಿಕ ದುಂಡನೆಯ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎತ್ತಿ, ಅದರಡಿಯ ಚಪ್ಪಟೆ ಜಾಲರಿಯನ್ನೂ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಸಿನೀರಿನಲ್ಲಿ ಉಜ್ಜಬೇಕು. ಕಡಂಬುಟ್ಟಿನ ಅಕ್ಕಿತರಿ ಮತ್ತು ನೂಪುಟ್ಟಿನ ಎಳೆಗಳು ಬಿಸಿನೀರಿನಲ್ಲಿ ಅಂಟಾಗಿ ಜಾಲರಿಯ ಕಣ್ಣುಗಳನ್ನು ಮುಚ್ಚುತ್ತವೆ. ಬೆಳಕಿಗೆ ಹಿಡಿದು ನೋಡಿದಾಗ ಕಣ್ಣುಗಳು ಕಾಣದಿದ್ದರೆ ಫಿಲ್ಟರ್ ಇನ್ನೂ ಸ್ವಚ್ಛವಾಗಿಲ್ಲವೆಂದೇ ಅರ್ಥ. ತಂತಿಬ್ರಷ್ ಬೇಡ, ಜಾಲರಿ ಹರಿಯುತ್ತದೆ.

ಇನ್ನು ಮುಖ್ಯವಾದ ಪರೀಕ್ಷೆ. ಯಂತ್ರದ ಹಿಂದಿನಿಂದ ಬರುವ ಸುಕ್ಕುಸುಕ್ಕಾದ ಪೈಪಿನ ತುದಿಯನ್ನು ಸಿಂಕಿನ ಜೋಡಣೆಯಿಂದ ಬಿಡಿಸಿ, ಒಂದು ಬಕೆಟ್‌ಗೆ ಇಳಿಬಿಟ್ಟು ಬಿಗಿಯಾಗಿ ಕಟ್ಟಬೇಕು. ಬಕೆಟ್ಟನ್ನು ನೆಲದ ಮೇಲಿಡದೆ ಸ್ಟೂಲಿನ ಮೇಲೆ, ಅಂದರೆ ಪೈಪಿನ ತುದಿ ನೆಲದಿಂದ 50–60 ಸೆಂಟಿಮೀಟರ್ ಎತ್ತರದಲ್ಲಿ ಇರುವಂತೆ ಇಡುವುದು ಅವಶ್ಯ. ಏಕೆಂದರೆ ತುದಿ ತಗ್ಗಿನಲ್ಲಿದ್ದರೆ ನೀರು ತನ್ನ ಭಾರಕ್ಕೆ ತಾನೇ ಇಳಿದು, ಸೋತ ಪಂಪೂ ಚೆನ್ನಾಗಿರುವಂತೆ ಕಾಣುತ್ತದೆ. ಫಿಲ್ಟರನ್ನು ಮರಳಿ ಕೂರಿಸಿ, ತಳಕ್ಕೆ ಎರಡು ಮೂರು ಲೀಟರ್ ನೀರು ಸುರಿದು, ಪ್ಲಗ್ ಹಾಕಿ, ನೀರು ಹೊರಹಾಕುವ ಕ್ರಮವನ್ನು ಚಾಲೂ ಮಾಡಬೇಕು.

ನೀರು ರಭಸದಿಂದ ಬಕೆಟ್‌ಗೆ ಬಿದ್ದರೆ ಯಂತ್ರ ನಿರಪರಾಧಿ. ಆಗ ಸಿಂಕಿನಡಿಯ ಬಾಗಿದ ಪೈಪನ್ನು ಬಿಚ್ಚಿ ತೊಳೆಯಬೇಕು. ಡಿಶ್‌ವಾಷರಿನ ಪೈಪ್ ಸೇರುವ ಸಣ್ಣ ಮೂತಿಯಲ್ಲಿಯೇ ಕೊಬ್ಬು ಕಟ್ಟಿಕೊಂಡಿರುವುದು ಸಾಮಾನ್ಯ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಪಂದಿಕರಿಯ ಕೊಬ್ಬು ಯಂತ್ರದಿಂದ ಕರಗಿ ಹೊರಟರೂ ಗೋಡೆಯಾಚೆಯ ತಣ್ಣನೆಯ ಪೈಪಿನಲ್ಲಿ ಮೇಣದಂತೆ ಹೆಪ್ಪುಗಟ್ಟುತ್ತದೆ. ಕೈಲ್‌ಪೊಳ್ದ್ ಅಥವಾ ಪುತ್ತರಿ ಹಬ್ಬದ ಊಟದ ಪಾತ್ರೆಗಳನ್ನು ಯಂತ್ರಕ್ಕೆ ಹಾಕುವ ಮುನ್ನ ಕಾಗದದಿಂದ ಒರೆಸುವ ಅಭ್ಯಾಸ ಇದಕ್ಕೆ ಅತ್ಯಂತ ಅಗ್ಗದ ಪರಿಹಾರ. ಕಟ್ಟಿಕೊಂಡದ್ದನ್ನು ಬಿಡಿಸಲು ಕೈಸುಡದಷ್ಟು ಬಿಸಿನೀರು ಸಾಕು. ಕುದಿಯುವ ನೀರು ಪಿವಿಸಿ ಪೈಪನ್ನು ಮೆತ್ತಗಾಗಿಸುತ್ತದೆ.

ಸಿಂಕ್ ಸ್ವಚ್ಛವಾಗಿದ್ದರೂ ತೊಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಕಾಣಿಸಿಕೊಳ್ಳುತ್ತಿದ್ದರೆ ಇಂಗುಗುಂಡಿಯ ಮುಚ್ಚಳ ತೆಗೆದು ನೋಡಬೇಕು. ನಮ್ಮ ಮನೆಯಲ್ಲಿ ಎರಡು ಮಳೆಗಾಲ ಯಂತ್ರವನ್ನೇ ಬೈದ ಮೇಲೆ ತಿಳಿದದ್ದು, ನೆಲವೆಲ್ಲ ನೀರು ಕುಡಿದು ತುಂಬಿದ್ದರಿಂದ ಗುಂಡಿ ಪೈಪಿನ ಬಾಯಿಯವರೆಗೆ ಏರಿತ್ತು ಎಂದು. ಯಂತ್ರ ಖಾಲಿಯಿರುವಾಗ ಸಿಂಕಿನ ತುಂಬ ನೀರು ಹಿಡಿದು ಒಮ್ಮೆಲೇ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಡಿಶ್‌ವಾಷರಿನ ಬಾಗಿಲು ತೆಗೆದು ನೋಡಿ: ತಳದಲ್ಲಿ ಹೊಸ ನೀರಿದ್ದರೆ ಅದು ಹಿಂದಿರುಗಿ ಬಂದ ನೀರು. ಇದನ್ನು ತಡೆಯಲು ಯಂತ್ರದ ಪೈಪನ್ನು ಸಿಂಕಿನಡಿಯಲ್ಲಿ ಆದಷ್ಟು ಮೇಲಕ್ಕೆ ಬಳಸಿ ತಂದು ಕಟ್ಟಿ, ಆಮೇಲೆ ಕೆಳಗಿಳಿಸಬೇಕು. ಗುಂಡಿಯೇ ತುಂಬಿ ನೀರು ಸಿಂಕಿನವರೆಗೂ ಏರುತ್ತಿದ್ದರೆ ಈ ಬಳಸೂ ಕಾಯುವುದಿಲ್ಲ, ಗುಂಡಿಯನ್ನು ಸರಿಪಡಿಸಲೇಬೇಕು. ಇಳಿಜಾರಿನ ಮನೆಗಳಲ್ಲಿ ಇದರ ತದ್ವಿರುದ್ಧ ದೋಷವೂ ಉಂಟು: ಪೈಪಿನ ತುದಿ ಯಂತ್ರಕ್ಕಿಂತ ತೀರ ಕೆಳಗಿದ್ದರೆ ತುಂಬಿದ ನೀರೆಲ್ಲ ತೊಳೆಯುವ ಮೊದಲೇ ಸೋರಿಹೋಗುತ್ತದೆ.

ಬಕೆಟ್‌ಗೂ ನೀರು ಬಾರದಿದ್ದರೆ ಅಥವಾ ತೊಟ್ಟಿಕ್ಕಿದರೆ ದೋಷ ಒಳಗಿದೆ. ಯಂತ್ರವನ್ನು ಗೋಡೆಗೆ ಒತ್ತಿದಾಗ ಪೈಪ್ ಮಡಚಿಕೊಂಡಿದೆಯೇ ಎಂದು ನೋಡಿ, ಮತ್ತೆ ಪ್ಲಗ್ ಕಿತ್ತು, ಗುಳಿಯಲ್ಲಿ ಪಂಪಿನ ಮೇಲಿರುವ ಪ್ಲಾಸ್ಟಿಕ್ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿ ತೆಗೆಯಬೇಕು. ಒಳಗಿನ ಪುಟ್ಟ ಚಕ್ರವನ್ನು ಟಾರ್ಚ್ ಬೆಳಕಿನಲ್ಲಿ ಕಡ್ಡಿಯಿಂದ ತಿರುಗಿಸಿದಾಗ ಅದು ತಡೆತಡೆದು ತಿರುಗುವುದು ಸಹಜ, ಅಲ್ಲಾಡದೆ ನಿಲ್ಲುವುದು ಸಹಜವಲ್ಲ. ಸಿಕ್ಕಿಕೊಂಡಿರುವುದು ಬಹುಮಟ್ಟಿಗೆ ಮೂಳೆಯ ಚೂರು, ನಿಂಬೆಬೀಜ ಅಥವಾ ಒಡೆದ ಗಾಜು. ಆದ್ದರಿಂದ ಬೆರಳು ಹಾಕದೆ ಚಿಮಟ ಬಳಸಿ. ಬಾಷ್ ಯಂತ್ರಗಳು ಕೊಳೆನೀರಿನ ಪೈಪ್ ಕಟ್ಟಿದಾಗ ಇ24 ಎಂದೂ, ಪಂಪ್ ಸಿಕ್ಕಿಕೊಂಡಾಗ ಅಥವಾ ಅದರ ಮುಚ್ಚಳ ಸರಿಯಾಗಿ ಕೂರದಿದ್ದಾಗ ಇ25 ಎಂದೂ ತೋರಿಸುತ್ತವೆ. ಎಲ್‌ಜಿಯಲ್ಲಿ ನೀರು ಹೊರಹೋಗದ ದೋಷಕ್ಕೆ ಒಇ ಎಂಬ ಸಂಕೇತವಿದೆ.

ತಳದಲ್ಲಿ ನೊರೆಯೇ ತುಂಬಿದ್ದರೆ ಕಾರಣ ಬೇರೆ. ಕೈಯಿಂದ ತೊಳೆಯುವ ಸೋಪು ಯಂತ್ರಕ್ಕೆ ಬಿದ್ದಿದೆ, ಪಂಪು ನೀರಿನ ಬದಲು ಗಾಳಿಯನ್ನು ಎಳೆಯುತ್ತಿದೆ. ನೊರೆಯನ್ನು ಬಳಿದು ತೆಗೆದು, ತಣ್ಣೀರಿನಲ್ಲಿ ಎರಡು ಮೂರು ಬಾರಿ ಖಾಲಿಯಾಗಿ ಓಡಿಸಿದರೆ ಸರಿಹೋಗುತ್ತದೆ.

ಇಷ್ಟಾದರೂ ನೀರು ನಿಂತರೆ ಪಂಪಿನ ಸದ್ದಿಗೆ ಕಿವಿಗೊಡಿ. ಗುಂಯ್‌ಗುಟ್ಟಿ ನೀರು ಎತ್ತದಿದ್ದರೆ ಚಕ್ರ ಸವೆದಿರಬಹುದು ಅಥವಾ ನೀರು ಹಿಂದಿರುಗದಂತೆ ತಡೆಯುವ ಕವಾಟ ಅಂಟಿಕೊಂಡಿರಬಹುದು. ಸದ್ದೇ ಇಲ್ಲದಿದ್ದರೆ ಪಂಪಿನ ಮೋಟಾರೋ ಅದಕ್ಕೆ ಕರೆಂಟ್ ಕೊಡುವ ಬೋರ್ಡೋ ಹೋಗಿದೆ. ಇವೆರಡೂ ಮೆಕ್ಯಾನಿಕ್‌ನ ಕೆಲಸ. ಆತ ಮೈಸೂರಿನಿಂದ ಘಾಟಿ ಹತ್ತಿ ಬರಬೇಕಾಗಿದ್ದರೆ, ಬಾಗಿಲಿನ ಅಂಚಿನಲ್ಲಿರುವ ಮಾದರಿ ಸಂಖ್ಯೆ, ಪರದೆಯ ಸಂಕೇತ ಮತ್ತು ಬಕೆಟ್ ಪರೀಕ್ಷೆಯಲ್ಲಿ ಕಂಡದ್ದನ್ನು ಫೋನಿನಲ್ಲಿಯೇ ತಿಳಿಸಿ. ಆಗ ಬೇಕಾದ ಪಂಪನ್ನು ಮೊದಲ ಸಲವೇ ಕೈಯಲ್ಲಿ ಹಿಡಿದು ಬರುತ್ತಾನೆ.